ಶುಕ್ರವಾರ ಗೆದ್ದು ಸೋಮವಾರ ಸೋತ ತೀರ್ಪು

ಮಾನ್ಯ ಪ್ರಿನ್ಸಿಪಾಲರೇ,

ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯದ ತೀರ್ಪೊಂದನ್ನು ತಾವು ಮೊನ್ನೆ ಸೋಮವಾರ ನಮ್ಮ ತರಗತಿಯ ಬಾಗಿಲಲ್ಲಿ ನಿಂತು, ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡೇ ರದ್ದು ಮಾಡಿದಿರಿ. ವಾಷಿಂಗ್ಟನ್ನಿನಲ್ಲಿ ಇಂಥ ಕೆಲಸಕ್ಕೆ ಒಂಬತ್ತು ಜನ ಹಿರಿಯರು ಬೇಕು, ತಿಂಗಳುಗಟ್ಟಲೆ ವಾದ ಬೇಕು. ನಮ್ಮ ಕ್ಯಾಟ್‌ಬರ್ಡ್ ಹಾಲೋ ಶಾಲೆಯಲ್ಲಿ ಒಬ್ಬರೇ ಸಾಕಾದರು, ಅದೂ ಕಾಫಿ ಆರುವುದರೊಳಗೆ. ಈ ದಕ್ಷತೆಗೆ ಇಡೀ ವೆಸ್ಟ್ ವರ್ಜೀನಿಯಾ ತಲೆಬಾಗಬೇಕು. ನನ್ನ ಸಹಪಾಠಿ ಡೆಲ್ಫಿಯಾ ರಡ್ ಮಾತ್ರ ಬಾಗುತ್ತಿಲ್ಲ. ಬೆಳಗಿನ ದೇಶನಿಷ್ಠೆಯ ಪ್ರತಿಜ್ಞೆಯ ಹೊತ್ತಿಗೆ ಬಾವುಟದೆದುರು ಎದ್ದು ನಿಲ್ಲಲಿಲ್ಲವೆಂದು, ಹನ್ನೆರಡನೇ ತರಗತಿ ಮುಗಿಸಿದವರಿಗೆ ಈ ತಿಂಗಳ ಕೊನೆಗೆ ನಡೆಯುವ ಸಮಾರಂಭದಿಂದ ಅವಳನ್ನು ತಾವು ಹೊರಗಿಟ್ಟಿದ್ದೀರಿ. ಇಡೀ ಶಾಲೆಯೆದುರು ಒಬ್ಬಳೇ ನಿಂತು, ಎದೆಯ ಮೇಲೆ ಕೈಯಿಟ್ಟು ಪ್ರತಿಜ್ಞೆ ಒಪ್ಪಿಸಿ, ಕ್ಷಮೆ ಕೇಳಿದರೆ ಮಾತ್ರ ವೇದಿಕೆ ಹತ್ತಬಹುದೆಂಬುದು ತಮ್ಮ ಆಜ್ಞೆ.

ಈ ಬಹಿರಂಗ ಪತ್ರವನ್ನು ಅಚ್ಚುಮಾಡುತ್ತಿರುವ ನಮ್ಮೂರ ಪತ್ರಿಕೆಯ ಓದುಗರಲ್ಲಿ ಅರ್ಧ ಜನ ಅದರ ಹಿಂದಿನ ಶುಕ್ರವಾರ ನಮ್ಮ ಶಾಲೆಯ ಸಭಾಂಗಣದಲ್ಲಿ ಸೇಬಿನ ಪೈ ತಿನ್ನುತ್ತ ಕೂತಿದ್ದರು. ಅಂದು ಕಾನೂನು ದಿನ. ತಾವೇ ಬರೆದು, ತಾವೇ ನಿರ್ದೇಶಿಸಿ, ತಾವೇ ಅಭಿನಯಿಸಿದ ನಾಟಕದಲ್ಲಿ ಮೂರು ತೀರ್ಪುಗಳು ಬಂದು ಹೋದವು. ಕರಿಯರ ಮಕ್ಕಳನ್ನೂ ಬಿಳಿಯರ ಮಕ್ಕಳನ್ನೂ ಬೇರೆ ಬೇರೆ ಶಾಲೆಗೆ ಅಟ್ಟುವಂತಿಲ್ಲ ಎಂದ ೧೯೫೪ರದ್ದು. ಕೈಯಲ್ಲಿ ಕಾಸಿಲ್ಲದ ಆರೋಪಿಗೂ ವಕೀಲನನ್ನು ಕೊಡಬೇಕು ಎಂದ ೧೯೬೩ರದ್ದು. ಕೊನೆಯದಾಗಿ, ನಮ್ಮ ರಾಜ್ಯದ ಮಕ್ಕಳೇ ಹೋರಾಡಿ ಗೆದ್ದ ೧೯೪೩ರದ್ದು. ಬಾವುಟಕ್ಕೆ ವಂದಿಸು ಎಂದು ಶಾಲೆಯು ಯಾವ ಮಗುವನ್ನೂ ಬಲವಂತ ಮಾಡುವಂತಿಲ್ಲ ಎಂಬುದೇ ಅದರ ಸಾರ. ಎರಡು ಜಡೆ ಹಾಕಿಕೊಂಡು ಆ ಮಗುವಾದವಳು ಡೆಲ್ಫಿಯಾ. ಚರ್ಚಿನ ಗಾಯಕರ ಕರಿ ನಿಲುವಂಗಿ ತೊಟ್ಟು, ಹುಬ್ಬಿಗೆ ಹತ್ತಿ ಅಂಟಿಸಿಕೊಂಡು ನ್ಯಾಯಾಧೀಶನಾದವನು ನಾನು. ಮಗುವನ್ನು ಶಾಲೆಯಿಂದ ಹೊರದಬ್ಬುವ ದುಷ್ಟ ಹೆಡ್‌ಮಾಸ್ತರರಾಗಿ ತಾವು. ತಮ್ಮ ಪಾತ್ರಕ್ಕೆ ತಾಲೀಮು ಯಾಕೆ ಬೇಕಾಗಲಿಲ್ಲವೆಂದು ಆಗ ನನಗೆ ಹೊಳೆಯಲಿಲ್ಲ.

ನಾನು ತೀರ್ಪು ಓದುವಾಗ ಎಡಗಡೆಯ ಹುಬ್ಬು ಕಳಚಿ ಬಿತ್ತು. ಆದರೂ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೇಯರ್ ಸಾಹೇಬರು ಕಣ್ಣೊರೆಸಿಕೊಂಡರು. ತಾವು ಎರಡೆರಡು ಸಲ ನಡು ಬಗ್ಗಿಸಿ ವಂದಿಸಿದಿರಿ.

ಸೋಮವಾರ ಧ್ವನಿವರ್ಧಕದಲ್ಲಿ ಪ್ರತಿಜ್ಞೆ ಶುರುವಾಯಿತು. ಎಲ್ಲರೂ ಎದ್ದೆವು. ಡೆಲ್ಫಿಯಾ ಕೂತೇ ಇದ್ದಳು. ಗಲಾಟೆಯಿಲ್ಲ, ಘೋಷಣೆಯಿಲ್ಲ, ಕೈಗಳೆರಡೂ ಮಡಿಲಲ್ಲಿ. ತಾವು ಬಾಗಿಲಿಗೆ ಬಂದಿರಿ.

"ಏಳಮ್ಮಾ."

"ಇಲ್ಲ ಸರ್, ನಾನು ಕೂತೇ ಇರ್ತೀನಿ."

"ಏನಾಗಿದೆ ನಿಂಗೆ? ನಾಟಕ ಶುಕ್ರವಾರಕ್ಕೇ ಮುಗೀತಲ್ಲ!"

"ನಾಟಕ ಮುಗೀತು ಸರ್. ತೀರ್ಪೂ ಮುಗೀತಾ?"

ಹಿಂದಿನ ಬೆಂಚಿನಿಂದ ನಾನು ಕಿಸಕ್ಕೆಂದೆ. ತಮ್ಮ ಕಾಫಿ ತುಳುಕಿತು. ಆಮೇಲೆ ನಡೆದದ್ದರಲ್ಲಿ ನಗುವಂಥದ್ದೇನೂ ಇರಲಿಲ್ಲ.

ಡೆಲ್ಫಿಯಾಳನ್ನು ಕೋಣೆಯೊಳಗೆ ಕರೆದು ಬಾಗಿಲು ಹಾಕಿಕೊಂಡಿರಿ. ಅವಳ ತಾಯಿ ಆರ್ಡಿತ್, ಕ್ಯಾಂಟೀನಿನ ಏಪ್ರನ್ನಿನಲ್ಲೇ ಓಡಿ ಬಂದವರು, ಹೊರಗಿನ ಬೆಂಚಿನ ಮೇಲೆ ಕಾದರು. ಮಾನ್ಯರೇ, ಬ್ಯಾಂಕಿಗೆ ಕನ್ನ ಹಾಕಿದವನಿಗೂ ಪಕ್ಕದಲ್ಲಿ ಮಾತಾಡಲು ಒಬ್ಬರಿರಬೇಕೆಂದು ಶುಕ್ರವಾರ ತಾವೇ ವೇದಿಕೆಯ ಮೇಲೆ ಗದ್ಗದಿತರಾಗಿ ಹೇಳಿರಲಿಲ್ಲವೇ? ಆ ಹುಡುಗಿ ಕನ್ನ ಹಾಕಿದ್ದರೇ ವಾಸಿಯಿತ್ತು. ಹೋಗಲಿ, ಅವಳನ್ನು ಕೂರಿಸಿದ ಕುರ್ಚಿಯ ಮೇಲ್ಗಡೆ ಗೋಡೆಗೆ ಅಂಟಿಸಿರುವ ನಾಟಕದ ಪೋಸ್ಟರನ್ನಾದರೂ ಮೊದಲು ಕಿತ್ತಿರಾ? ಇಲ್ಲ. ಶಿಕ್ಷೆಗೆ ಗುರಿಯಾದವಳು ಕೆಳಗೆ, ಶಿಕ್ಷಿಸುವಂತಿಲ್ಲವೆಂಬ ತೀರ್ಪು ಮೇಲೆ. ಹಳದಿ ಹಾಳೆ, ಕೆಂಪು ಅಕ್ಷರ, ತಮ್ಮದೇ ಹಸ್ತಾಕ್ಷರ.

ವಿಯೆಟ್ನಾಮಿನಲ್ಲಿ ಯುದ್ಧ ನಡೆಯುತ್ತಿರುವ ಕಾಲದಲ್ಲಿ ಇಂಥದ್ದೆಲ್ಲ ನಡೆಯದು ಎಂದು ಆರ್ಡಿತ್ ಅವರಿಗೆ ಹೇಳಿದಿರಂತೆ. ಇತಿಹಾಸದ ಮೇಷ್ಟ್ರಾಗಿದ್ದ ತಮಗೆ ಪಾಠ ಹೇಳುವುದು ಉದ್ಧಟತನ, ಆದರೂ ಹೇಳುತ್ತೇನೆ. ೧೯೪೩ರಲ್ಲಿ ದೇಶವೇನು ಹುಲ್ಲಿನ ಮೇಲೆ ಕೂತು ಊಟ ಮಾಡುತ್ತಿತ್ತೇ? ಇಡೀ ಜಗತ್ತು ಹೊತ್ತಿ ಉರಿಯುತ್ತಿತ್ತು. ಆ ಉರಿಯ ನಡುವೆಯೇ, ಅದೂ ಬಾವುಟದ ಹಬ್ಬದ ದಿನವೇ, ಆ ತೀರ್ಪು ಹೊರಬಿತ್ತು. ಅದಕ್ಕೆ ಮೂರು ವರ್ಷ ಮೊದಲು ಅದೇ ನ್ಯಾಯಾಲಯ ತದ್ವಿರುದ್ಧವಾಗಿ ಹೇಳಿತ್ತು. ತಪ್ಪಾಯಿತೆಂದು ತಿದ್ದಿಕೊಂಡಿತು. ಅಷ್ಟು ದೊಡ್ಡವರು ಮೂರೇ ವರ್ಷದಲ್ಲಿ ತಮ್ಮ ಮಾತನ್ನು ತಾವೇ ನುಂಗಿದರು. ಆ ತೀರ್ಪು ಮಾತ್ರ, ಮಾನ್ಯರೇ, ಇಪ್ಪತ್ತೆಂಟು ವರ್ಷವಾದರೂ ತಮ್ಮ ಗಂಟಲಲ್ಲಿ ಇಳಿದಿಲ್ಲ. ಎರಡು ವರ್ಷದ ಹಿಂದೆ, ಯುದ್ಧ ಬೇಡವೆಂದು ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡ ಮಕ್ಕಳ ಮೊಕದ್ದಮೆಯಲ್ಲೂ ಅದೇ ನ್ಯಾಯಾಲಯ ಹೇಳಿತು: ಮಕ್ಕಳು ಹಕ್ಕನ್ನು ಶಾಲೆಯ ಗೇಟಿನಲ್ಲಿ ಕಳಚಿಟ್ಟು ಒಳಗೆ ಬರುವುದಿಲ್ಲ. ನಮ್ಮ ಗೇಟಿನಲ್ಲಿ ಬಹುಶಃ ಹಕ್ಕು ಕಳಚಿ ತೂಗುಹಾಕುವುದಕ್ಕೂ ಒಂದು ಗೂಟ ಹೊಡೆಸಿದ್ದೀರಿ.

ಅವಳು ಯಾಕೆ ಕೂತಳು ಎಂದು ಊರೆಲ್ಲ ಕೇಳುತ್ತಿದೆ. ಕಾರಣ ಹೇಳಬೇಕೆಂದು ಯಾವ ತೀರ್ಪಿನಲ್ಲೂ ಇಲ್ಲ. ಆದರೂ ನಾನು ಹೇಳಲು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ. ಅವಳ ಅಣ್ಣ ರೂಯೆಲ್ ಮೂರು ವರ್ಷದ ಹಿಂದೆ ಇದೇ ಶಾಲೆ ಮುಗಿಸಿ ಸೈನ್ಯಕ್ಕೆ ಹೋದ. ಫೆಬ್ರವರಿಯಲ್ಲಿ ವಿಯೆಟ್ನಾಮಿನಿಂದ ಪೆಟ್ಟಿಗೆಯಲ್ಲಿ ಬಂದ. ಪೆಟ್ಟಿಗೆಯ ಮೇಲೆ ಹೊದಿಸಿದ್ದ ಬಾವುಟವನ್ನು ಸೈನಿಕರು ಮುಕ್ಕೋನವಾಗಿ ಮಡಿಸಿ ತಾಯಿಯ ಕೈಗಿಟ್ಟರು. ಅದೀಗ ಅವರ ಅಡುಗೆಮನೆಯ ಕಪಾಟಿನ ಮೇಲಿದೆ. ಹುಡುಗಿ ಬಾವುಟಕ್ಕೆ ಅವಮಾನ ಮಾಡಿದಳು ಎಂದಿರಲ್ಲ ಮಾನ್ಯರೇ? ಶಾಲೆಯ ಬಾವುಟ ಅಂಗಡಿಯಿಂದ ಬಂದದ್ದು. ಅವರ ಮನೆಯದು ಎಲ್ಲಿಂದ ಬಂತೆಂದು ಒಮ್ಮೆ ಹೋಗಿ ಕೇಳಿ.

"ಫೆಬ್ರವರಿಯಿಂದ ದಿನಾ ಎದ್ದು ನಿಂತಿದೀನಿ ಕಣೋ, ಬಾವುಟ ನೋಡಿದಾಗೆಲ್ಲ ಅಣ್ಣನ ಪೆಟ್ಟಿಗೆಯೇ ಕಾಣ್ತಿತ್ತು," ಎಂದಳು ಡೆಲ್ಫಿಯಾ. "ಶುಕ್ರವಾರ ಅಷ್ಟು ಜನ ಚಪ್ಪಾಳೆ ಹೊಡೆದ್ರಲ್ಲ, ನಿಜವೇ ಇರ್ಬೇಕು ಅಂದ್ಕೊಂಡೆ."

ಅವಳು ಮಾಡಿದ ಒಂದೇ ತಪ್ಪು ಇದು: ತಮ್ಮ ನಾಟಕವನ್ನು ನಂಬಿದ್ದು.

ಆರ್ಡಿತ್ ಅವರು ರೂಯೆಲ್ ತನ್ನ ಸಮಾರಂಭಕ್ಕೆ ತೊಟ್ಟಿದ್ದ ನೀಲಿ ನಿಲುವಂಗಿಯನ್ನೇ ಮಗಳ ಅಳತೆಗೆ ಮೋಟು ಮಾಡಿ ಹೊಲಿದಿಟ್ಟಿದ್ದಾರೆ. ನಾನು ಹೋದಾಗ ಇಸ್ತ್ರಿ ಹಾಕುತ್ತಿದ್ದರು. "ಎದ್ದು ನಿಂತು ಹೇಳಿಬಿಡೇ ಅಂತ ಬಾಯಿತನಕ ಬಂತು ಕಣಪ್ಪಾ. ಇವಳೂ ಅಣ್ಣನ ಹಾಗೆ ಆ ವೇದಿಕೆ ಹತ್ತೋದು ನೋಡ್ಬೇಕಿತ್ತು," ಎಂದರು. ಆಮೇಲೆ ಕಪಾಟಿನ ಕಡೆ ತಿರುಗಿ, "ಅದನ್ನ ನೋಡ್ಕೊಂಡು ಯಾವ ಬಾಯಲ್ಲಿ ಹೇಳ್ಲಿ?" ಎಂದರು. ಕಳೆದ ವರ್ಷ ತಮ್ಮ ಕಾರಿನೊಳಗೆ ಹಂದಿಮರಿ ಕಂಡುಬಂದ ಪ್ರಕರಣದಲ್ಲಿ ಸಾಕ್ಷಿಯಿಲ್ಲದೆ ಬಿಡುಗಡೆಯಾದ ಈ ಬಾಯಿಬಡುಕ, ಅವರು ಇಸ್ತ್ರಿ ಮುಗಿಸುವತನಕ ನಿಲುವಂಗಿಯ ಅಂಚು ಹಿಡಿದುಕೊಟ್ಟ.

ಆದ್ದರಿಂದ ನ್ಯಾಯಪೀಠದ ಆದೇಶ ಹೀಗಿದೆ. ಸಮಾರಂಭದ ಆರಂಭದಲ್ಲಿ ಪ್ರತಿಜ್ಞೆ ನಡೆಯಲಿ. ಏಳುವವರು ಏಳಲಿ, ನಾನೂ ಏಳುತ್ತೇನೆ, ನನಗದು ಇಷ್ಟವೇ. ಡೆಲ್ಫಿಯಾ ಕೂತಿರುತ್ತಾಳೆ. ಅಷ್ಟು ಹೊತ್ತು ತಾವು ಚಾವಣಿ ನೋಡುತ್ತಿರಬಹುದು. ಆಮೇಲೆ ಎಲ್ಲರಿಗಿಂತ ಮೊದಲು ಅವಳ ಹೆಸರು ಕರೆಯತಕ್ಕದ್ದು. ಅಕ್ಷರಾನುಕ್ರಮದಲ್ಲಿ ಅವಳದು ಕೊನೆಯ ಕಡೆಗೆ ಬರುತ್ತದೆಂಬ ಆಕ್ಷೇಪಣೆಯನ್ನು ತಳ್ಳಿಹಾಕಲಾಗಿದೆ. ಯಾಕೆಂದರೆ ಅವಳ ಹೆಸರು ಕರೆಯುವ ತನಕ, ತಾವು ಯಾರ ಹೆಸರು ಕೂಗಿದರೂ ನಮ್ಮ ತರಗತಿಯಲ್ಲಿ ಒಬ್ಬರೂ ಕುರ್ಚಿ ಬಿಟ್ಟು ಏಳುವುದಿಲ್ಲವೆಂದು ನಿನ್ನೆ ತೀರ್ಮಾನವಾಗಿದೆ. ಮೇಯರ್ ಸಾಹೇಬರ ಮಗಳೂ ಸೇರಿದ್ದಾಳೆ. ಅಪ್ಪ ಅಮ್ಮಂದಿರು ಕ್ಯಾಮೆರಾ ಹಿಡಿದು ಕಾಯುತ್ತಿರುತ್ತಾರೆ, ತಾವು ಮೈಕಿನೆದುರು ಕೂಗುತ್ತಿರುತ್ತೀರಿ, ನಾವು ಕೂತಿರುತ್ತೇವೆ. ಗಲಾಟೆಯಿಲ್ಲದೆ, ಕೈಗಳೆರಡನ್ನೂ ಮಡಿಲಲ್ಲಿಟ್ಟುಕೊಂಡು.

ಇಂತಿ,
ಶುಕ್ರವಾರದ ಮಟ್ಟಿಗೆ ಸರ್ವೋಚ್ಚ ನ್ಯಾಯಾಧೀಶ, ಸೋಮವಾರದಿಂದ ಮತ್ತೆ ಹಿಂದಿನ ಬೆಂಚು,
ಕಾರ್ಬಿನ್ ಸ್ಟಲ್
(ಬಲಗಡೆಯ ಹುಬ್ಬು ಇನ್ನೂ ಅಂಟಿಕೊಂಡೇ ಇದೆ.)