ಏಳನೇ ಹೆಜ್ಜೆಯಡಿ ಹೂತ ಮುಚ್ಚಳ

ನಮ್ಮೂರ ಒಳಚರಂಡಿಗಳ ಏಕೈಕ ಅಧಿಪತಿಗಳಾದ ಮಾನ್ಯ ಅಧಿಕಾರಿಗಳೇ,

ಹದಿನೆಂಟು ದಿನಗಳಿಂದ ಬೀದಿಯ ದೊಡ್ಡ ಪೈಪು ಕಟ್ಟಿಕೊಂಡು ಇಡೀ ಬೀದಿಯ ಹೊಲಸು ನಮ್ಮ ಬಚ್ಚಲಲ್ಲಿ ಉಕ್ಕುತ್ತಿದೆ. ನಮ್ಮದು ತಗ್ಗಿನ ಮನೆ. ಮೇಲಿನವರು ಒಂದು ಬಿಂದಿಗೆ ನೀರು ಸುರಿದರೆ ಸಾಕು, ನಮ್ಮಲ್ಲಿ ರಂಗಪ್ರವೇಶ! ತಮ್ಮ ಸಿಂಹಾಸನದವರೆಗೆ ಆ ಸುವಾಸನೆ ಬಂದಿಲ್ಲವೇ?

ಪೈಪು ಬಿಡಿಸೋಣವೆಂದರೆ ಮ್ಯಾನ್‌ಹೋಲೇ ಇಲ್ಲ. ಯುಗಾದಿಗೆ ಮುಂಚೆ ತಾವು ಹಾಕಿಸಿದ ಕಾಂಕ್ರೀಟು ರಸ್ತೆ, ಆಹಾ, ಎಂಥ ಹಸಿವು ಅದಕ್ಕೆ! ಮುಚ್ಚಳವನ್ನೂ ನುಂಗಿ ಮಲಗಿದೆ. ದೂರು ಕೊಟ್ಟ ಮೇಲೆ ತಮ್ಮ ಸಿಬ್ಬಂದಿ ಇಬ್ಬರು ಬಂದರು. "ಮುಚ್ಳ ಎಲ್ಲೈತೆ ತೋರ್ಸಿ ಯಜಮಾನ್ರೆ" ಎಂದರು. ಹೂತವರು ನೀವು, ಜಾಗ ತೋರಿಸಬೇಕಾದವನು ನಾನೇ?

ತೋರಿಸಿದೆ. ಇಪ್ಪತ್ತೆರಡು ವರ್ಷ ಅದೇ ಬೀದಿಯಲ್ಲಿ ನಾಟಕದ ತಾಲೀಮು ಮಾಡಿದವನು ನಾನು. ಹಾರ್ಮೋನಿಯಂ ಮೇಷ್ಟ್ರು ಲೈಟುಕಂಬಕ್ಕೆ ಒರಗಿ ಕೂರುತ್ತಿದ್ದರು. ಗದೆ ಹೊತ್ತು, ಕಂಬದಿಂದ ನಮ್ಮ ಮನೆ ಕಡೆಗೆ ಏಳನೇ ಹೆಜ್ಜೆ ಅಪ್ಪಳಿಸಿದರೆ ಕಾಲಡಿಯ ಮುಚ್ಚಳ 'ಠಣಾರ್' ಎನ್ನುತ್ತಿತ್ತು. ಆ ಸದ್ದಿಗೇ ಮೇಷ್ಟ್ರು ಪದ ಎತ್ತುತ್ತಿದ್ದರು. ಈಗಲೂ ಏಳು ಹೆಜ್ಜೆ ಹಾಕಿ, ಸೀಮೆಸುಣ್ಣದಲ್ಲಿ ಗುಂಡಗೆ ಗೆರೆ ಎಳೆದೆ. ಒಬ್ಬಾತ ನಕ್ಕ: "ನಾಟ್ಕ ಚೆನ್ನಾಗ್ ಆಡ್ತೀರಾ. ಆದ್ರೆ ಹೊಸ ರಸ್ತೆ ಒಡ್ಯಂಗಿಲ್ಲ, ಸಾಯೇಬ್ರು ಬಯ್ತಾರೆ."

ಸ್ವಾಮಿ, ನನ್ನ ನಾಟಕಕ್ಕೆ ಮುಖಕ್ಕೆ ಬಣ್ಣ ಬೇಕು. ತಮ್ಮದಕ್ಕೆ ಅದೂ ಬೇಡ!

ನನ್ನ ಮಗಳು ರೂಪ ಚೊಚ್ಚಲ ಹೆರಿಗೆಗೆ ಬರಬೇಕಾದ ಮನೆ ಇದು. ಮೊನ್ನೆ ಭಾರತೀನಗರದಿಂದ ಬೀಗಿತ್ತಿ ಬಂದವರು ಹೊಸಿಲಲ್ಲೇ ಮೂಗಿಗೆ ಸೆರಗು ಹಿಡಿದರು. "ಇಂಥ ಮನೇಗೆ ಬಸುರೀನ ಕಳ್ಸಕ್ಕಾಯ್ತದಾ? ನಮ್ಮಲ್ಲೇ ಇರ್ಲಿ ಬುಡಿ" ಎಂದು, ಕಾಫಿ ಮುಟ್ಟದೆ ಹೊರಟುಹೋದರು. ನನ್ನ ಹೆಂಡತಿ ಚಿಕ್ಕಬೋರಮ್ಮ ನನ್ನ ಕಡೆ ತಿರುಗಿದಳು: "ಅಷ್ಟ್ ಜೋರಾಗ್ ಡೈಲಾಗ್ ಒಡೀತೀರಲ್ಲ, ಮೊಮ್ಮಗೀಗೆ ನೀರು ಉಯ್ಯಕ್ಕೆ ಒಂದ್ ಬಚ್ಲು ಗೆಲ್ಲಕ್ಕಾಗ್ನಿಲ್ವಾ?"

ಮಂಡ್ಯ, ಮದ್ದೂರು, ಮಳವಳ್ಳಿ ಮೂರು ತಾಲ್ಲೂಕು ಕೇಳಿದ ಗಂಟಲು ನನ್ನದು. ಅದನ್ನು ಬಿಟ್ಟು ಈಗ ಲೇಖನಿ ಹಿಡಿದಿದ್ದೇನೆ.

ಆದ್ದರಿಂದ, ಬರುವ ಗುರುವಾರದೊಳಗೆ ಆ ಗೆರೆಯೊಳಗೆ ರಸ್ತೆ ಒಡೆಸಿ. ಮನುಷ್ಯರನ್ನು ಗುಂಡಿಗೆ ಇಳಿಸದೆ, ಯಂತ್ರ ತರಿಸಿ ಪೈಪು ಬಿಡಿಸಿ. ಗೆರೆ ಅಳಿಸಿಹೋಗದಂತೆ ಬೆಳಿಗ್ಗೆ ಸಂಜೆ ನಾನೇ ತಿದ್ದುತ್ತಿದ್ದೇನೆ. ಅಲ್ಲಿ ಮುಚ್ಚಳ ಸಿಗದಿದ್ದರೆ ಊರಿನೆದುರು ತಪ್ಪೊಪ್ಪಿ ಗದೆ ಕೆಳಗಿಡುತ್ತೇನೆ. ಸಿಕ್ಕಿ, ಕೆಲಸ ಮುಗಿದ ಮೇಲೆ, ತಾವೇ ಬಂದು ಅದರ ಮೇಲೊಮ್ಮೆ ಬಲವಾಗಿ ಕಾಲಿಡಿ. ಆ 'ಠಣಾರ್' ನಮ್ಮ ಮನೆಯೊಳಗೆ ಕೇಳಿಸಿದರೆ ಚಿಕ್ಕಬೋರಮ್ಮ ಮಗಳಿಗೆ ಫೋನು ಮಾಡುತ್ತಾಳೆ.

ಇಂತಿ,
ಬೀದಿಯೆಲ್ಲ ರಂಗಸ್ಥಳವಾಗಿದ್ದೂ ಸ್ವಂತ ಬಚ್ಚಲಿಗೆ ಕಾಲಿಡಲಾರದ
ಜವರಯ್ಯ