ಬೂದು ಬಣ್ಣದ ಷರಾಯಿ

ಮಹಡಿಯ ಮೇಲಿನ ನನ್ನ ಮಗಳಿಗೆ, ಕೆಳಗಿನ ಹೊಲಿಗೆ ಅಂಗಡಿಯಿಂದ ಅಪ್ಪನ ಆಶೀರ್ವಾದಗಳು.

ಹದಿನೆಂಟು ಮೆಟ್ಟಿಲು ಹತ್ತಿ ಹೇಳಬಹುದಾದುದನ್ನು ಬರೆಯುತ್ತಿದ್ದೇನೆ. ಬೆಳಗ್ಗೆ ಮೂರು ಸಲ ಹತ್ತಿದೆ. ಮೂರು ಸಲವೂ ನಿನ್ನ ಬಾಗಿಲು ತಟ್ಟದೆ ಇಳಿದು ಬಂದೆ. ಈಗ ನೀನು ಕೆಲಸಕ್ಕೆ ಹೋಗಿರುವೆ, ಪುಟ್ಟಿ ಶಾಲೆಗೆ. ನಾಳೆ ಹನ್ನೊಂದಕ್ಕೆ ನ್ಯಾಯಾಲಯದಲ್ಲಿ ನಾನು ಸಾಕ್ಷಿ ನುಡಿಯಬೇಕು: ಆರು ತಿಂಗಳಿಂದ ಪುಟ್ಟಿಯ ಅಪ್ಪ ಅವಳನ್ನು ನೋಡಲು ಒಮ್ಮೆಯೂ ಬಂದಿಲ್ಲವೆಂದು. ವಕೀಲರು ತಂದ ಹಾಳೆಯನ್ನು ಎರಡು ಸಲ ಓದಿಯೇ ರುಜು ಹಾಕಿದ್ದೇನೆ.

ಅದು ಸುಳ್ಳು, ಮಗಳೇ. ನಿನ್ನ ಸುಳ್ಳಲ್ಲ, ನನ್ನದು.

ನೀವು ಬೇರೆಯಾದ ಹೊಸದರಲ್ಲಿ ಅವನು ಬಾಗಿಲಿಗೆ ಬಂದುಹೋದಾಗ ನೀನು ಎರಡು ದಿನ ಊಟ ಮುಟ್ಟಲಿಲ್ಲ. ಆಮೇಲೆ ಅವನು ಬರುತ್ತಿದ್ದುದು ಶನಿವಾರ, ನೀನಿಲ್ಲದ ಹೊತ್ತಿಗೆ. ಪುಟ್ಟಿ ಮಲಗಿದ್ದಾಳೆ ಎಂದು ನಾನು ಹೇಳುತ್ತಿದ್ದೆ. ಅವನು ಜಗಳವಾಡಲಿಲ್ಲ, ಬೂದು ಷರಾಯಿಯೊಂದನ್ನು ಮೇಜಿನ ಮೇಲಿಟ್ಟು, "ಸೊಂಟ ಒಂಚೂರು ಬಿಡಿಸ್ಕೊಡಿ ಮಾವ" ಎಂದ. ಮುಂದಿನ ವಾರ ಅದನ್ನೇ ತಂದು, "ಒಂಚೂರು ಹಿಡಿಸ್ಕೊಡಿ" ಎಂದ. "ನಿನ್ನ ಸೊಂಟ ಏನು ಚಂದ್ರನೇನಯ್ಯಾ, ಹೆಚ್ಚೋದು ಕುಗ್ಗೋದು?" ಎಂದು ರೇಗಿದೆ. "ಪುಟ್ಟೀನ ನೋಡೋವರೆಗೂ ಹೀಗೇ ಮಾವ" ಎಂದ. ನಾನು ದಾರ ಬಿಚ್ಚುವಷ್ಟು ಹೊತ್ತೂ ಅವನ ಕಿವಿ ಮಹಡಿಯ ಮೇಲೆಯೇ ಇರುತ್ತಿತ್ತು.

"ಅವರು ಬಂದಿದ್ರಾ ಅಪ್ಪಾ?" ಎಂದು ಪ್ರತಿ ಶನಿವಾರ ಸಂಜೆ ನೀನು ಕೇಳುತ್ತಿದ್ದೆ. ನಾನು ಇಲ್ಲವೆನ್ನುತ್ತಿದ್ದೆ. ನಿನ್ನ ನೆಮ್ಮದಿಗಾಗಿ ಎಂದುಕೊಂಡಿದ್ದೆ. ಪುಟ್ಟಿ ವಾರಕ್ಕೆರಡು ದಿನ ಅವನ ಮನೆಗೆ ಹೋದರೆ ಈ ಮನೆ ಭಣಗುಟ್ಟೀತೆಂಬ ನನ್ನ ಅಂಜಿಕೆಯೂ ಅದರೊಳಗೆ ಅಡಗಿತ್ತು.

ಒಂದು ಶನಿವಾರ ಪುಟ್ಟಿ ಇಳಿದು ಬಂದು, "ತಾತ, ಅಪ್ಪ ಕೆಮ್ಮಿದ ಹಾಗಾಯ್ತು" ಎಂದಳು. ಅವನು ಆಗಷ್ಟೇ ಹೋಗಿದ್ದ. "ಯಾರೋ ಗಿರಾಕಿ ಕಣೇ" ಎಂದೆ. ಮೇಜಿನ ಮೇಲಿದ್ದ ಷರಾಯಿಯನ್ನು ನೋಡಿ, ಮೆಟ್ಟಿಲು ಹತ್ತಿಹೋದಳು. ಅಂದಿನಿಂದ ಶನಿವಾರಗಳಂದು ಮೇಲಿನ ಮೆಟ್ಟಿಲಲ್ಲೇ ಕುಳಿತಿರುತ್ತಾಳೆ.

ದಿನಾಂಕ ಬರೆಯದೆ ನಾನು ಬಟ್ಟೆಗೆ ಕತ್ತರಿ ಮುಟ್ಟಿಸಿದವನಲ್ಲ, ನಿನಗೆ ಗೊತ್ತು. ಅಳತೆಯ ಪುಸ್ತಕದಲ್ಲಿ ಆ ಸೊಂಟ ಹದಿನಾಲ್ಕು ಸಲ ಇದೆ. ನಾಳೆ ಆ ಪುಸ್ತಕವನ್ನು ನ್ಯಾಯಾಲಯಕ್ಕೆ ಕೊಂಡೊಯ್ಯುತ್ತೇನೆ.

ಅವನು ಮರೆಗುಳಿ, ಮಗುವನ್ನು ಕತ್ತಲಾಗುವವರೆಗೆ ಶಾಲೆಯ ಬಾಗಿಲಲ್ಲಿ ನಿಲ್ಲಿಸಿದವನು. ಅದನ್ನೂ ಹೇಳುವೆ. ಮಗು ಯಾರ ಬಳಿ ಎಷ್ಟು ದಿನ ಇರಬೇಕೆಂಬುದನ್ನು ನ್ಯಾಯಾಧೀಶರು ತೂಗಲಿ. ಆದರೆ ಬಂದವನನ್ನು ಬಂದಿಲ್ಲವೆಂದು ನಾನು ಹೇಗೆ ಹೇಳಲಿ? ನಿನ್ನ ತಾಯಿ ತೀರಿಕೊಂಡಾಗ ನಿನಗೆ ನಾಲ್ಕು ವರ್ಷ. "ಗಂಡಸು ಒಬ್ನೇ ಹೆಣ್ಣುಮಗು ಸಾಕ್ತಾನಾ? ನಮಗೆ ಕೊಡು" ಎಂದು ನಿನ್ನ ಸೋದರತ್ತೆ ಬಂದಾಗ, ನೀನು ಹೊಲಿಗೆ ಯಂತ್ರದ ಕೆಳಗೆ ತೂರಿ ನನ್ನ ಕಾಲು ಹಿಡಿದುಕೊಂಡಿದ್ದೆ. ಆ ಹಿಡಿತ ಇಂದು ಬೆಳಗಿನಿಂದ ಕಾಲನ್ನು ಬಿಟ್ಟಿಲ್ಲ.

ಷರಾಯಿ ಗೂಟದಲ್ಲಿದೆ. ಈ ಸಲ ಹೊಲಿಗೆ ಬಿಚ್ಚಲಿಲ್ಲ, ಇಸ್ತ್ರಿ ಮಾಡಿಟ್ಟಿದ್ದೇನೆ. ಸಂಜೆ ಇದನ್ನೋದಿ ನೀನು ಬೈಯುವುದಾದರೆ ಇಳಿದು ಬಾ, ಕಾಯುತ್ತಿರುತ್ತೇನೆ. ಪುಟ್ಟಿಗೆ ಮಾತ್ರ, ಅಂದು ಕೆಮ್ಮಿದವನು ಯಾರೆಂದು ನಾನೇ ಹೇಳಬೇಕು.

ನಿನಗೆ ಒಳ್ಳೆಯದಾಗಲಿ ಮಗಳೇ. ನನ್ನ ಮೇಲೆ ಕೋಪವಿದ್ದರೂ ಆಗಲಿ.

ಇಂತು,
ನಿನ್ನನ್ನು ಯಾರಿಗೂ ಕೊಡದ
ಅಪ್ಪ