ಕೊಡೆರಾಯ ಮತ್ತು ಇಪ್ಪತ್ತೆರಡು ಮನೆಗಳು

ಮಾರ್ಚ್ ಹದಿನಾಲ್ಕು, ಗುರುವಾರ
ಮಧ್ಯಾಹ್ನ, ಊಟವಾದ ಮೇಲೆ

ಪ್ರೀತಿಯ ಅಕ್ಕನಿಗೆ ನಿನ್ನ ತಮ್ಮ ಮಾಡುವ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಲ್ಲಿ ನಿನ್ನ ಮಂಡಿನೋವು, ಭಾವನ ಗೊರಕೆ, ಮೊಮ್ಮಗಳ ಹಟ, ಮೂರೂ ಹತೋಟಿಯಲ್ಲಿವೆ ಎಂದುಕೊಂಡಿದ್ದೇನೆ. ನಿನ್ನ ಪತ್ರ ಬಂದು ಏಳು ತಿಂಗಳಾಯಿತು. ತಡವಾದದ್ದಕ್ಕೆ ಕಾರಣ ಹೇಳಲು ಹೊರಟರೆ 'ಸಾಕು ಮಾಡೋ ನಿನ್ನ ಪುರಾಣ' ಅನ್ನುತ್ತೀಯ. ಆದ್ದರಿಂದ ಕಾರಣ ಹೇಳುವುದಿಲ್ಲ, ತಪ್ಪಾಯಿತು ಅಂತಷ್ಟೇ ಹೇಳುತ್ತೇನೆ. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ನಾಲ್ಕು ಮುಗಿಸಿರುತ್ತೀಯ. ಈ ಸಲ ನನ್ನ ಮಾತು ಪೂರ್ತಿಯಾಗಬೇಕು, ಅದಕ್ಕೇ ಕಾಗದ.

ಸುದ್ದಿ ಏನೆಂದರೆ, ಕೊಡೆರಾಯ ಮತ್ತೆ ಬರುತ್ತಿದ್ದಾನೆ. ಹೌದು, ನಮ್ಮ ಕೊಡೆರಾಯನೇ. ಮೂವತ್ತೊಂದು ವರ್ಷದ ಹಿಂದೆ ನೀನು ಗ್ರಾಫ್ ಪುಸ್ತಕದಲ್ಲಿ ಪೆನ್ಸಿಲು ಹಿಡಿದು ಹುಟ್ಟಿಸಿದ, ನಾನು ವಿಡಿಯೋ ಆಟವಾಗಿ ಟಿವಿಯೊಳಗೆ ಓಡಾಡಿಸಿದ ಆ ಗುಂಡಣ್ಣ. ನೀನು ಇದನ್ನು ಓದಿ ನಗುತ್ತೀಯೋ ಉರಿದು ಬೀಳುತ್ತೀಯೋ ಗೊತ್ತಿಲ್ಲ. ದಯವಿಟ್ಟು ಕಾಗದ ಹರಿಯದೆ ಕೊನೆಯವರೆಗೆ ಓದು.

ಹೋದ ವರ್ಷ ನಮ್ಮ ಆಟಿಕೆ ಅಂಗಡಿಯ ಯಜಮಾನರ ಮಗಳು ನನ್ನನ್ನು ಹುಡುಕಿಕೊಂಡು ಮನೆಗೆ ಬಂದಳು. ಮೆಟ್ಟಿಲ ಮೇಲೆ ಕೂತು ಕೀಲಿಕೊಟ್ಟ ಆಟದ ಕಪ್ಪೆ ಕುಣಿಸುತ್ತಿದ್ದ ಮಗುವಿಗೆ ಈಗ ಕೂದಲು ನರೆತಿದೆ. "ಅಪ್ಪನ ಕಾಲದ ಹೆಸರು ಸುಮ್ನೆ ಧೂಳು ತಿನ್ತಾ ಕೂತಿದೆ ಅಂಕಲ್. ಆಗ ಆಡ್ತಿದ್ದೋರೆಲ್ಲ ಈಗ ಅಪ್ಪ ಅಮ್ಮ ಆಗಿದಾರೆ. ಮಕ್ಕಳ ಕೈಗೆ ಕೊಡೋಣ ಅಂತ ಕೊಡೆರಾಯನ್ನ ಅವ್ರೇ ಹುಡುಕ್ತಿದಾರೆ. ಬಂದು ಒಂದ್ಸಲ ನೋಡಿ" ಅಂದಳು. ನಿವೃತ್ತಿಯಾಗಿ ಮನೆಯಲ್ಲಿ ಕೂತು ನಿನ್ನ ನಾದಿನಿಯ ಹತ್ತಿರ ಬೈಸಿಕೊಳ್ಳುವುದಕ್ಕಿಂತ ವಾಸಿ ಅಂತ ಹೊರಟೆ.

ಅಕ್ಕ, ಅವರ ಆಫೀಸು ನೋಡಬೇಕು ನೀನು. ನಾಲ್ಕನೇ ಮಹಡಿ, ಗೋಡೆಯೆಲ್ಲ ಗಾಜು. ಕೂರಲು ಮೂಟೆಯಂಥ ಕುರ್ಚಿಗಳು. ಮೊದಲ ದಿನ ಅದರಲ್ಲಿ ಕೂತವನನ್ನು ಎಬ್ಬಿಸಲು ಇಬ್ಬರು ಬರಬೇಕಾಯಿತು. ಅಲ್ಲಿ ಕೊಡೆರಾಯನ ನಲವತ್ತು ಹೊಸ ಚಿತ್ರ ಅಂಟಿಸಿದ್ದರು. ಒಂದರಲ್ಲೂ ಹೊಟ್ಟೆ ಇರಲಿಲ್ಲ. ಮಾರಾಟ ನೋಡಿಕೊಳ್ಳುವವನೊಬ್ಬ ಇದ್ದಾನೆ, ಬಾಯಿ ಬಿಟ್ಟರೆ 'ಇವತ್ತಿನ ಮಾರ್ಕೆಟ್ಟು, ಇವತ್ತಿನ ಮಾರ್ಕೆಟ್ಟು'. ಅವನು ಹೇಳಿದ, "ಕೊಡೆಯಿಂದಲೇ ಗುಂಡು ಹಾರಿಸೋ ಹಾಗೆ ಮಾಡೋಣ ಸರ್." ನಾನು, "ಅವ್ನು ಗುಂಡು ಹಾರಿಸೋನಲ್ಲಪ್ಪ, ಅವ್ನೇ ಗುಂಡು" ಅಂದೆ. ಯಾರೂ ನಗಲಿಲ್ಲ. ನೀನಿದ್ದಿದ್ದರೆ ನಗುತ್ತಿದ್ದೆ.

ನಮ್ಮ ಕೋಣೆ ನೆನಪಿದೆಯಾ? ಯಜಮಾನರ ಆಟಿಕೆ ಅಂಗಡಿಯ ಮೇಲಿನ ಅಟ್ಟ. ತಗಡಿನ ರೈಲು, ಗೊಂಬೆಗಳ ರಟ್ಟಿನ ಪೆಟ್ಟಿಗೆ ಸರಿಸಿ ಎರಡು ಮೇಜು ಹಾಕಿದ್ದರು. ನಿನಗೆ ಕಿಟಕಿ ಪಕ್ಕದ್ದು, ನನಗೆ ನಲ್ಲಿ ಸೋರುವ ಕಡೆಯದು. ಕಂಪ್ಯೂಟರ್ ಬಿಸಿಯಾದರೆ ನೀನು ಮೊರದ ಹಾಗೆ ರಟ್ಟು ಬೀಸುತ್ತಿದ್ದೆ. ತುರುಬಿಗೆ ಪೆನ್ಸಿಲು ಸಿಕ್ಕಿಸಿಕೊಂಡು ಇಡೀ ಕೋಣೆ ಪೆನ್ಸಿಲಿಗಾಗಿ ಹುಡುಕುತ್ತಿದ್ದೆ. ಯಜಮಾನರು ಮೆಟ್ಟಿಲು ಹತ್ತಿ ಬಂದು, "ತಲೆ ಮುಟ್ಟಿ ನೋಡ್ಕೊಳ್ಳಮ್ಮ" ಅಂತ ಕೂಗುತ್ತಿದ್ದರು. ಆ ಎರಡು ವರ್ಷ ನಾನು ಎಷ್ಟು ಸುಖವಾಗಿದ್ದೆ ಅನ್ನುವುದು ಆಗ ನನಗೆ ತಿಳಿದಿರಲಿಲ್ಲ.

ಕೊಡೆರಾಯನಿಗೆ ಕೊಡೆ ಹೇಗೆ ಬಂತು ಅಂತ ಹೊಸ ಆಫೀಸಿನ ಹುಡುಗ ಹುಡುಗಿಯರು ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಮೊದಲು ಅವನ ಕೈ ಖಾಲಿ ಇತ್ತು. ಹೆಂಚಿನ ಮಾಡಿನಿಂದ ಮಾಡಿಗೆ ಹಾರುವಾಗ ಧೊಪ್ಪನೆ ಬೀಳಬೇಕಾದವನು ತೇಲುತ್ತ ಇಳಿಯುತ್ತಿದ್ದ. ಪ್ರೋಗ್ರಾಮು ಬರೆಯುವಾಗ ಲೆಕ್ಕ ತಪ್ಪಿದವನು ನಾನು. ಹದಿನೈದು ದಿನ ತಲೆ ಕೆರೆದುಕೊಂಡರೂ ತಪ್ಪು ಸಿಗಲಿಲ್ಲ. ಯಜಮಾನರು ಬಂದು ನೋಡುವ ದಿನ ಹತ್ತಿರವಾಗಿತ್ತು. ನೀನು ಗ್ರಾಫ್ ಹಾಳೆಯಲ್ಲಿ ಹದಿನಾರಕ್ಕೆ ಹದಿನಾರು ಚೌಕದ ಮನೆ ಗೆರೆ ಎಳೆದು ಅವನ ಕೈಗೊಂದು ಕೊಡೆ ಹಿಡಿಸಿದೆ. "ಈಗ ತೇಲಿದ್ರೆ ಯಾರೂ ಕೇಳಲ್ಲ, ಸುಮ್ನಿರು" ಅಂದೆ. ನನ್ನ ತಪ್ಪನ್ನು ನೋಡಿ ಊರೆಲ್ಲ ಚಪ್ಪಾಳೆ ತಟ್ಟಿತು. ಆಟಕ್ಕೆ ಹೆಸರು ಬಂದದ್ದೇ ಅದರಿಂದ.

ಹೋದ ತಿಂಗಳು ಹೊಸ ಆಟದ ಪರೀಕ್ಷೆ ಇಟ್ಟಿದ್ದರು. ಚಿಕ್ಕಂದಿನಲ್ಲಿ ಹಳೆಯ ಕ್ಯಾಸೆಟ್ ಹಾಕಿ ಆಡಿದ ಹತ್ತು ಮಂದಿಯನ್ನು ಕರೆಸಿದ್ದರು. ಅದರಲ್ಲೊಬ್ಬ ಬಸ್ ಡ್ರೈವರ್, ಐದೇ ನಿಮಿಷಕ್ಕೆ ಆಟ ಕೆಳಗಿಟ್ಟು, "ಇವ್ನು ಕೊಡೆರಾಯ ಅಲ್ಲ ರೀ. ಯಾರೋ ವೇಷ ಹಾಕ್ಕೊಂಡು ಬಂದಿದಾನೆ" ಅಂದ. ಹಲ್ಲಿನ ಡಾಕ್ಟರಮ್ಮ ಒಬ್ಬರು ಯೋಚಿಸಿ ಹೇಳಿದರು, "ನಡಿಗೆ ಬೇರೆ. ಅವ್ನು ಮೂರನೇ ಹೆಜ್ಜೆಗೆ ಒಂಚೂರು ಕುಂಟ್ತಿದ್ದ."

ಸಂಜೆ ನಿನ್ನನ್ನು ಕರೆದೊಯ್ಯಲು ಬರುತ್ತಿದ್ದ ಭಾವನ ಎಡಗಾಲಿನ ಚಪ್ಪಲಿ ಸವೆದಿತ್ತಲ್ಲ, ಅದನ್ನು ನೋಡಿಕೊಂಡೇ ನೀನು ನಡಿಗೆಯ ಮೂರನೇ ಚಿತ್ರದಲ್ಲಿ ಎಡಗಾಲಿಗೆ ಒಂದು ಮನೆ ಕಡಿಮೆ ಮಾಡಿದ್ದೆ. "ನಮ್ಮನೆಯವರು ನಡಿಯೋದೇ ಹೀಗೆ ಕಣೋ" ಅಂತ ಬಾಯಿ ಮುಚ್ಚಿಕೊಂಡು ನಕ್ಕಿದ್ದೆ. ಭಾವನಿಗೆ ಹೇಳು, ಅವರ ನಡಿಗೆಯನ್ನು ಒಬ್ಬ ಹಲ್ಲಿನ ಡಾಕ್ಟರಮ್ಮ ಮೂವತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ.

ಅವತ್ತೇ ಹೊಸ ಚಿತ್ರಗಳನ್ನೆಲ್ಲ ಗೋಡೆಯಿಂದ ಕಿತ್ತರು. ಹೊಟ್ಟೆ ಮರಳಿ ಬಂತು. ಈಗ ಅವರಿಗೆ ಬೇಕಾಗಿರುವುದು ನಿನ್ನ ಮೂರು ಗ್ರಾಫ್ ಪುಸ್ತಕ. ಎರಡರಲ್ಲಿರುವುದು ಕ್ಯಾಸೆಟ್ಟಿನಲ್ಲೂ ಇದೆ. ಮೂರನೆಯದರಲ್ಲಿ ಸೇತುವೆಯಾಚೆಯ ಊರಿದೆಯಲ್ಲ, ಗಡಿಯಾರದಂಗಡಿ, ಒಣಹಾಕಿದ ಬಟ್ಟೆಗಳ ಓಣಿ, ಮಾಡಿನ ಮೇಲೆ ಮಲಗಿದ ಬೆಕ್ಕುಗಳು, ಅದು ಎಲ್ಲೂ ಬರಲೇ ಇಲ್ಲ. ಆಗ ಕ್ಯಾಸೆಟ್ಟಿನ ಚಿಪ್ಪಿನೊಳಗೆ ಜಾಗ ಕಡಿಮೆ, ಒಂದೊಂದು ಅಕ್ಷರಕ್ಕೂ ಮೆಮೊರಿಯ ಒಂದೊಂದು ಮನೆ ಎಣಿಸಬೇಕಿತ್ತು. ನೀನು ಒಂದು ಬೆಕ್ಕು ಬರೆದುಕೊಂಡು ಬಂದರೂ ನಾನು ಜಾಗವಿಲ್ಲ ಅನ್ನುತ್ತಿದ್ದೆ. "ಇಷ್ಟ್ ದೊಡ್ಡ ಪೆಟ್ಟಿಗೇಲಿ ನನ್ನೊಂದು ಬೆಕ್ಕಿಗೆ ಜಾಗ ಇಲ್ವೇನೋ ಮೊದ್ದು?" ಅಂತ ಬೈಯುತ್ತಿದ್ದೆ. ಈಗ ಜಾಗಕ್ಕೆ ಬರವಿಲ್ಲ ಅಕ್ಕ. ನಿನ್ನ ಊರು ಪೂರ್ತಿ ಹಿಡಿಯುತ್ತದೆ. ಅದಿಲ್ಲದೆ ಈ ಆಟ ಬರಿಯ ಹಳೆಯ ಹೆಸರಿನ ಹೊಸ ಡಬ್ಬಿ.

ಯಜಮಾನರ ಮಗಳು ನಿನಗೆ ಬರೆದಿದ್ದಳಂತೆ. ನಿನ್ನ ಉತ್ತರ ನನಗೆ ತೋರಿಸಿದಳು. 'ಆ ಮನುಷ್ಯನ ಕಂಪನಿಗೆ ನನ್ನ ಒಂದು ಗೆರೆಯೂ ಸಿಗುವುದಿಲ್ಲ.' ಒಂದೇ ಸಾಲು, ಸಹಿ ಕೂಡ ಇಲ್ಲ. ನಿನ್ನ ಸಿಟ್ಟಿಗೆ ಇನ್ನೂ ಮುಪ್ಪು ಬಂದಿಲ್ಲ ಅಂದುಕೊಂಡೆ.

ನಿನ್ನ ಸಿಟ್ಟು ಸುಳ್ಳಲ್ಲ. ಕ್ಯಾಸೆಟ್ ಅಂಗಡಿಗೆ ಬಂದ ದಿನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಟ ಪೂರ್ತಿ ಗೆದ್ದೆಯಂತೆ. "ಈಗ ಅಮ್ಮನ ಹೆಸರು ಬರುತ್ತೆ ನೋಡು" ಅಂದೆಯಂತೆ. ಯಜಮಾನರ ಹೆಸರು ಬಂತು, ನನ್ನದು ಬಂತು, ಸಂಗೀತದವನದು ಬಂತು, 'ಆಡಿದ್ದಕ್ಕೆ ಧನ್ಯವಾದ, ಮತ್ತೆ ಬನ್ನಿ' ಅಂತ ಬಂದು ಮುಗಿದೇ ಹೋಯಿತು. ಮಾರನೆಯ ಬೆಳಿಗ್ಗೆ ನೀನು ಅಟ್ಟ ಹತ್ತಿ ಬಂದು, "ಯಾಕೆ?" ಅಂತ ಒಂದೇ ಮಾತು ಕೇಳಿದೆ. ಯಜಮಾನರು ಕನ್ನಡಕ ತೆಗೆದು, "ತಪ್ಪಾಯ್ತಮ್ಮ, ನಂದೇ ತಪ್ಪು" ಅಂದರು. ನೀನು ತುರುಬಿನ ಪೆನ್ಸಿಲು ತೆಗೆದು ಮೇಜಿನ ಮೇಲಿಟ್ಟು ಇಳಿದು ಹೋದೆ. ಆಮೇಲೆ ಹೊಲಿಗೆ ಅಂಗಡಿ ಹಾಕಿದೆ. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಅಳತೆಯ ಗೆರೆ ಎಳೆದದ್ದು ಬಿಟ್ಟರೆ ನೀನು ಮತ್ತೆ ಗೆರೆ ಎಳೆದದ್ದು ನಾನು ಕಾಣೆ.

ಪುಸ್ತಕ ಕಳಿಸು ಅಂತ ಬಲವಂತ ಮಾಡುವುದಿಲ್ಲ. ನಿನ್ನ ಕೈಯ ಗೆರೆ, ನಿನ್ನ ಇಷ್ಟ. ಪುಸ್ತಕ ಬರದಿದ್ದರೆ ಸೇತುವೆಯಾಚೆ ಏನನ್ನೂ ಕಟ್ಟುವುದಿಲ್ಲ ಅಂತ ಯಜಮಾನರ ಮಗಳು ಮಾತು ಕೊಟ್ಟಿದ್ದಾಳೆ.

ಭಾವನಿಗೆ ನಮಸ್ಕಾರ ಹೇಳು. ಮಗಳಿಗೂ ಮೊಮ್ಮಗಳಿಗೂ ನನ್ನ ಆಶೀರ್ವಾದ. ಆ ಪುಟ್ಟಿ ನೂರು ವರ್ಷ ಹೀಗೇ ಹಟ ಮಾಡಿಕೊಂಡು ಬಾಳಲಿ. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ನಿನ್ನ ಕೈ ನನ್ನ ತಲೆಯ ಮೇಲಿರಲಿ ಅಂತ ಕೇಳುವುದಕ್ಕೆ ಇವತ್ತು ಯಾಕೋ ಧೈರ್ಯವಿಲ್ಲ.

ಇಂತಿ ನಿನ್ನ
ಮೊದ್ದು

ಮರೆತ ಮಾತು:

ಮರೆತದ್ದಲ್ಲ ಅಕ್ಕ. ಮೇಲಿನದನ್ನೆಲ್ಲ ಬರೆದದ್ದು ಇದನ್ನು ಬರೆಯುವ ಧೈರ್ಯ ಬರಲಿ ಅಂತ.

ಹೋದ ವಾರ ಹಳೆಯ ಚಿಪ್ಪಿನೊಳಗಿರುವುದನ್ನೆಲ್ಲ ಕಾಗದಕ್ಕೆ ಇಳಿಸಿದರು. ದಪ್ಪ ಕನ್ನಡಕದ ಹುಡುಗಿಯೊಬ್ಬಳು ಒಂದು ಹಾಳೆ ಹಿಡಿದುಕೊಂಡು ಬಂದಳು. "ಸರ್, ಹೆಸರಿನ ಪಟ್ಟಿ ಮಧ್ಯೆ ಪ್ರೋಗ್ರಾಮಿನ ತುಂಡೊಂದು ತುರುಕಿದಾರೆ. ಅದರ ಹಿಂದೆ ಎರಡು ಅಕ್ಷರ ಉಳ್ಕೊಂಡಿದೆ. ಯಾರ ಹೆಸರಿನ ಬಾಲ ಸರ್ ಇದು?" ನಾನು, "ಹಳೇದಮ್ಮ, ನೆನಪಿಲ್ಲ" ಅಂದೆ. ಅದು ನಿನ್ನ ಹೆಸರಿನ ಬಾಲ.

ಚಿಪ್ಪು ತೆಗೆದುಕೊಂಡು ಹೋಗಲು ಕಾರ್ಖಾನೆಯವನು ಬಂದು ಕೂತಿದ್ದ ದಿನ, ನೀನು ಮಗಳಿಗೆ ಜ್ವರ ಅಂತ ಬೇಗ ಮನೆಗೆ ಹೋಗಿದ್ದೆ. ಮಧ್ಯಾಹ್ನ ಮೂರಕ್ಕೆ ತಪ್ಪೊಂದು ಕಣ್ಣಿಗೆ ಬಿತ್ತು. ಏಳನೇ ಮಾಡಿನ ತುದಿಯಲ್ಲಿ ಕೊಡೆ ಮಡಚಿದರೆ ಕೊಡೆರಾಯ ಮಾಡು ತೂರಿ ಕೆಳಗೆ ಹೋಗುತ್ತಿದ್ದ, ಮತ್ತೆ ಬರುತ್ತಿರಲಿಲ್ಲ. ಸರಿಮಾಡಲು ಇಪ್ಪತ್ತು ಮನೆ ಬೇಕಿತ್ತು. ಒಂದು ಮನೆಯೂ ಖಾಲಿ ಇರಲಿಲ್ಲ. ಭಾವನ ಮನೆತನದ ಹೆಸರೂ ಸೇರಿ ನಿನ್ನ ಹೆಸರು ಇಪ್ಪತ್ತೆರಡು ಮನೆ. 'ರೈಲಿನಷ್ಟು ಉದ್ದ' ಅಂತ ನಾನೇ ಗೇಲಿ ಮಾಡುತ್ತಿದ್ದೆ. ಅದನ್ನೇ ಅಳಿಸಿದೆ. ಯಜಮಾನರು, "ಅಕ್ಕನಿಗೆ ಫೋನ್ ಮಾಡಿ ಕೇಳು. ಅವಳು ಬೇಡ ಅಂದ್ರೆ ಇವ್ನು ನಾಳೆ ಬರ್ಲಿ" ಅಂದರು. ಕೇಳಿದೆ, ಒಪ್ಪಿದಳು ಅಂತ ಸುಳ್ಳು ಹೇಳಿದೆ. ನನ್ನ ಆಟ ಅವತ್ತೇ ಹೊರಗೆ ಹೋಗಬೇಕು ಅನ್ನುವ ಅವಸರ ನನಗೆ.

ನನ್ನ ಹೆಸರು ಹನ್ನೊಂದು ಮನೆ, ಯಜಮಾನರದು ಹನ್ನೆರಡು. ಎರಡನ್ನೂ ತೆಗೆದಿದ್ದರೆ ಸಾಕಾಗುತ್ತಿತ್ತು. 'ಆಡಿದ್ದಕ್ಕೆ ಧನ್ಯವಾದ' ಅನ್ನುವ ಸಾಲು ತೆಗೆದಿದ್ದರೂ ಸಾಕಾಗುತ್ತಿತ್ತು. ಅದು ನನಗೆ ಹೊಳೆಯಲಿಲ್ಲ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಹೊಳೆದಿತ್ತು ಅಕ್ಕ. ನನ್ನ ಹೆಸರು ತೆಗೆಯಲು ಕೈ ಬರಲಿಲ್ಲ. ನನ್ನ ತಪ್ಪು ಮುಚ್ಚಲು ನೀನು ಕೊಡೆ ಕೊಟ್ಟೆ. ನನ್ನ ಇನ್ನೊಂದು ತಪ್ಪು ಮುಚ್ಚಲು ನಾನು ನಿನ್ನನ್ನೇ ಅಳಿಸಿದೆ.

ನೀನು ಬಂದು ಯಾಕೆ ಅಂತ ಕೇಳಿದಾಗ ಯಜಮಾನರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರಿಗೆ ಆ ಕ್ಷಣವೇ ಅರ್ಥವಾಯಿತು. ನೀನು ಹೋದ ಮೇಲೆ ನನಗೆ ಹೇಳಿದ್ದು ಇಷ್ಟೇ: "ನಿಮ್ಮಕ್ಕ ನನ್ನ ಬಿಟ್ಟು ಬದುಕ್ತಾಳೆ. ತಮ್ಮನ್ನ ಬಿಟ್ಟು ಹ್ಯಾಗೆ ಬದುಕ್ತಾಳೆ? ಧೈರ್ಯ ಬಂದಾಗ ನೀನೇ ಹೇಳು." ಅವರು ಸಾಯುವವರೆಗೂ ಕಾದರು. ಮದುವೆಮನೆಯೊಂದರಲ್ಲಿ ಅವರು ಕೈ ಮುಗಿದರೆ ನೀನು ಮುಖ ತಿರುಗಿಸಿದ್ದು ನನಗೆ ನೆನಪಿದೆ. ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ತೀರಿಕೊಂಡಾಗ ನೀನು ಬರಲಿಲ್ಲ. ಬರದಂತೆ ಮಾಡಿದವನು ನಾನು.

ಮೊನ್ನೆ ಅವರ ಮಗಳ ಹತ್ತಿರ ಎಲ್ಲ ಹೇಳಿಕೊಂಡೆ. "ಗೊತ್ತು ಅಂಕಲ್, ಅಪ್ಪ ಹೇಳಿದ್ರು" ಅಂದಳು. ಹೊಸ ಪಟ್ಟಿಯಲ್ಲಿ ನಿನ್ನ ಹೆಸರು ಎಲ್ಲಕ್ಕಿಂತ ಮೊದಲು ಬರುತ್ತದೆ. ನೀನು ಪುಸ್ತಕ ಕಳಿಸಿದರೂ ಬರುತ್ತದೆ, ಕಳಿಸದಿದ್ದರೂ ಬರುತ್ತದೆ. ನನ್ನ ಹೆಸರು ಬೇಡ ಅಂದೆ. "ಅದನ್ನ ನೀವಲ್ಲ, ದೊಡ್ಡಮ್ಮ ಹೇಳ್ಬೇಕು" ಅಂದಳು.

ಪಟ್ಟಿಯ ಹಾಳೆ ಇದರ ಜೊತೆ ಇಟ್ಟಿದ್ದೇನೆ. ನಿನ್ನ ಹೆಸರಿನ ಕೆಳಗೆ ಒಂದು ಸಾಲು ಖಾಲಿ ಇದೆ, ಹನ್ನೊಂದು ಮನೆ. ತುಂಬಬೇಕು ಅನಿಸಿದರೆ ತುಂಬು, ಇಲ್ಲದಿದ್ದರೆ ಹಾಗೇ ವಾಪಸ್ ಕಳಿಸು. ಪೆನ್ಸಿಲೂ ಒಳಗಿದೆ. ಅವತ್ತು ನೀನು ಮೇಜಿನ ಮೇಲಿಟ್ಟು ಹೋದದ್ದೇ ಅದು. ಯಜಮಾನರು ಎತ್ತಿಟ್ಟಿದ್ದರಂತೆ.